ಏಳು ಬೆರಳಿನ ಟೈಪಿಂಗ್

ನನ್ನ ಬಲಗೈಯ ಉಂಗುರ ಬೆರಳು ನಡುಗೆಣ್ಣಿನಿಂದ ಆಚೆಗೆ ಇಲ್ಲ. ಏಳು ವರ್ಷದವಳಿದ್ದಾಗ, ಭದ್ರಾವತಿಯಲ್ಲಿ ಅಬ್ಬಾ ನಡೆಸುತ್ತಿದ್ದ ಮೋಟಾರ್ ರಿಪೇರಿ ವರ್ಕ್‌ಶಾಪಿನಲ್ಲಿ, ಸಾಣೆಕಲ್ಲು ತಿರುಗಿಸುವ ಬೆಲ್ಟಿನ ಮೇಲೆ ಕೈಯಿಟ್ಟುಬಿಟ್ಟೆ. ಆಗಿನ ನೋವು ಈಗ ನೆನಪಿಲ್ಲ. ಅಬ್ಬಾ ನನ್ನನ್ನು ಎತ್ತಿಕೊಂಡು ಆಸ್ಪತ್ರೆಯವರೆಗೂ ಬರಿಗಾಲಲ್ಲಿ ಓಡಿದ್ದು ಮಾತ್ರ ನೆನಪಿದೆ. ಅಂದಿನಿಂದ ಅವರು ನನ್ನ ಮುಖ ನೋಡಿ ಮಾತಾಡುತ್ತಿದ್ದರು, ತಲೆ ಸವರುತ್ತಿದ್ದರು, ಆದರೆ ಆ ಕೈಯ ಕಡೆಗೆ ಕಣ್ಣು ಹಾಯಿಸುತ್ತಿರಲಿಲ್ಲ.

ಅಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಮನೆ ನಡೆಯುತ್ತಿದ್ದುದು ಅಬ್ಬಾನ ತಾಯಿ, ನಮ್ಮ ದಾದಿಯ ಮಾತಿನ ಮೇಲೆ. ದಾದಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆ ಪ್ರೀತಿಯ ತುಂಬ ಒಂದೇ ಚಿಂತೆ ಇತ್ತು: ಉಂಗುರ ಹಾಕುವ ಬೆರಳೇ ಇಲ್ಲದವಳನ್ನು ಯಾರು ಮಾಡಿಕೊಳ್ಳುತ್ತಾರೆ? ಹಾಗಾಗಿ ನಾನು ದೊಡ್ಡವಳಾದ ಮೇಲೆ ನನ್ನ ಬಲಗೈ ಸದಾ ಸೆರಗಿನ ಒಳಗೇ ಇರಬೇಕು ಎಂದು ಕಟ್ಟಪ್ಪಣೆ ಮಾಡಿದ್ದಳು. ಅಂಗಡಿಯಲ್ಲಿ ಸಾಮಾನು ತೆಗೆದುಕೊಳ್ಳುವಾಗ, ಮದುವೆಮನೆಯಲ್ಲಿ, ಕೊನೆಗೆ ಮನೆಗೆ ಬಂದ ಅತ್ತೆಯರ ಎದುರಿಗೂ. ಎಷ್ಟೋ ವರ್ಷ ನಾನೂ ಹಾಗೇ ನಡೆದುಕೊಂಡೆ. ಬಚ್ಚಿಟ್ಟು ಬಚ್ಚಿಟ್ಟು, ಅದು ನನ್ನ ಕೈಯಲ್ಲ, ನಾನು ಎಲ್ಲಿಂದಲೋ ಕದ್ದು ತಂದ ವಸ್ತು ಅನ್ನಿಸತೊಡಗಿತ್ತು.

ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಹೊಳೆಹೊನ್ನೂರಿನಿಂದ ಒಂದು ಮನೆಯವರು ನನ್ನನ್ನು ನೋಡಲು ಬಂದರು. ಅದು ಮೂರನೆಯ ಸಂಬಂಧ. ಮೊದಲಿನ ಎರಡೂ, ಕೈ ವಿಷಯ ಆಮೇಲೆ ಯಾರಿಂದಲೋ ಗೊತ್ತಾಗಿ ಮುರಿದಿದ್ದವು. ಚಹದ ತಟ್ಟೆಯ ಕೆಳಗೆ ಬಲಗೈ, ಮೇಲೆ ಸೆರಗು ಎಂದು ದಾದಿ ಅಡುಗೆಮನೆಯಲ್ಲೇ ನನ್ನನ್ನು ಸಿಂಗರಿಸಿ ಕಳಿಸಿದಳು. ಹುಡುಗನ ತಾಯಿ ಒಳ್ಳೆಯ ಹೆಂಗಸು. ಪಕ್ಕದಲ್ಲಿ ಕೂರಿಸಿಕೊಂಡು, "ಎಲ್ಲಿ ಕೈ ಕೊಡಮ್ಮ, ಮೆಹಂದಿ ಹ್ಯಾಗೆ ಹಿಡಿದಿದೆ ನೋಡ್ತೀನಿ" ಎಂದರು. ಹಿಂದಿನ ಎರಡು ಸಲವೂ ಇಂಥ ಹೊತ್ತಿನಲ್ಲಿ ನಾನು ಎಡಗೈ ಮುಂದೆ ಮಾಡಿದ್ದೆ. ಆ ದಿನ ನನಗೇನಾಯಿತೋ, ಸೆರಗು ಸರಿಸಿ ಬಲಗೈಯನ್ನು ಅವರ ಮಡಿಲ ಮೇಲೆ ಇಟ್ಟೆ.

ಅವರು ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ಕೊಟ್ಟರು. ಚಹ ಕುಡಿದರು, ಎದ್ದರು, ಹೊರಟರು.

ದಾದಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅಬ್ಬಾ ಊಟಕ್ಕೆ ಕೂತಾಗ ನಾನೇ ಮಾತು ತೆಗೆದೆ. ಮನೆಯಲ್ಲಿ ನಾವು ಆಡುತ್ತಿದ್ದುದು ದಖನಿ. ಇಲ್ಲಿ ಅದನ್ನು ಕನ್ನಡದಲ್ಲೇ ಹೇಳುತ್ತೇನೆ.

"ಅಬ್ಬಾ, ಇನ್ನು ಯಾರನ್ನೂ ಕರೆಸಬೇಡಿ. ನಾನು ಶಿವಮೊಗ್ಗದ ಕಾಲೇಜಿಗೆ ಸೇರ್ತೀನಿ. ಅಲ್ಲಿ ಕಾಮರ್ಸ್ ಕೋರ್ಸ್ ಇದೆ. ಟೈಪಿಂಗು, ಆಫೀಸ್ ಪತ್ರ ಬರೆಯೋದು ಎಲ್ಲ ಕಲಿಸ್ತಾರೆ. ಕಲಿತವರಿಗೆ ಕೆಲಸ ಸಿಗ್ತದೆ."

"ಟೈಪಿಂಗಾ?" ಎಂದಳು ದಾದಿ. ಎರಡು ದಿನದ ಮೌನ ಅಲ್ಲಿಗೆ ಮುರಿಯಿತು. "ಜಗತ್ತಿನಲ್ಲಿ ಸಾವಿರ ಕೆಲಸ ಇದ್ದಾವೆ. ಬೆರಳಿನ ಕೆಲಸವೇ ಬೇಕಾ ನಿನಗೆ?"

"ಹೌದು, ಅದೇ ಬೇಕು."

ನಿಜ ಹೇಳುತ್ತೇನೆ, ಆ ಕ್ಷಣದವರೆಗೆ ನನಗೆ ಟೈಪಿಂಗಿನ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ದಾದಿ ಹಾಗೆ ಕೇಳಿದ್ದಕ್ಕೇ ಅದು ನನಗೆ ಬೇಕಾಯಿತು. ಅಬ್ಬಾ ತಟ್ಟೆಯನ್ನೇ ನೋಡುತ್ತ, "ಹೋಗಲಿ ಬಿಡಮ್ಮಾ" ಎಂದರು. ನನಗೋ, ತಮ್ಮ ತಾಯಿಗೋ, ಗೊತ್ತಾಗಲಿಲ್ಲ. ಮರುವಾರ ಅರ್ಜಿ ತಂದುಕೊಟ್ಟರು.

ಭದ್ರಾವತಿಯಿಂದ ಬೆಳಗಿನ ಪ್ಯಾಸೆಂಜರ್ ರೈಲು. ದಾದಿ ಬುರ್ಖಾ ಹಾಕಿಸಿಯೇ ಕಳಿಸಿದಳು, ನಾನೂ ತಕರಾರು ಮಾಡಲಿಲ್ಲ. ಅದೇ ಕೋರ್ಸಿಗೆ ನಮ್ಮೂರಿನ ಇನ್ನೊಬ್ಬಳು ಹುಡುಗಿ ಸೇರಿದ್ದಳು, ಹಳೇಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಲಿಂಗಾಯತರ ಮನೆಯವಳು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಬಿಡುವಿಲ್ಲದ ಮಾತು. ಮೊದಲ ದಿನವೇ ನನ್ನ ಕೈ ನೋಡಿ, "ಏನಾಯ್ತು ಮಾರಾಯ್ತಿ ಇದಕ್ಕೆ?" ಎಂದು ನೇರವಾಗಿ ಕೇಳಿದಳು. ಹೇಳಿದೆ. "ಅಯ್ಯೋ, ಆ ಬೆಲ್ಟಿಗೆ ಬೆಂಕಿ ಹಾಕ" ಎಂದು ಬೈದು, ಕೈಗೆ ಒಂದು ಕೋಡುಬಳೆ ಇಟ್ಟಳು. ಹಾಗೆ ನೇರವಾಗಿ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅಂದಿನಿಂದ ನಾವು ಗೆಳತಿಯರು.

ಟೈಪಿಂಗ್ ತರಗತಿ ಕಾಲೇಜಿನ ಹಿಂಬದಿಯ ಒಂದು ಉದ್ದನೆಯ ಹೆಂಚಿನ ಹಾಲಿನಲ್ಲಿ. ಎರಡು ಸಾಲು ಮೇಜು, ಹನ್ನೆರಡು ಮಿಷನ್ನು. ಬಾಗಿಲ ಬಳಿ ಬಂದರೆ ಸಾಕು, ರಿಬ್ಬನ್ನಿನ ಮಸಿ ಮತ್ತು ಮಿಷನ್ ಎಣ್ಣೆಯ ವಾಸನೆ. ಅದು ನನಗೆ ವರ್ಕ್‌ಶಾಪಿನ ವಾಸನೆಯ ದಾಯಾದಿಯಂತೆ ಕಂಡು, ಹೆದರಿಕೆ ಅರ್ಧ ಇಳಿಯಿತು. ನಮಗೆ ಕಲಿಸುವ ಮೇಷ್ಟ್ರು ಐವತ್ತು ದಾಟಿದವರು. ಬಿಳಿ ಪಂಚೆ, ಕರಿ ಕೋಟು, ಕಿವಿಯ ಹಿಂದೆ ಸದಾ ಒಂದು ಕೆಂಪು ಪೆನ್ಸಿಲ್ಲು. ಕೀಗಳ ಮೇಲಿನ ಅಕ್ಷರಗಳು ಕಾಣದಂತೆ ಅವರು ಪ್ರತಿ ಮಿಷನ್ನಿಗೂ ಮರದ ಸಣ್ಣದೊಂದು ಮುಚ್ಚಳ ಮಾಡಿಸಿದ್ದರು. ಕೈ ಅದರ ಕೆಳಗೆ ಆಡಬೇಕು, ಕಣ್ಣು ಪುಸ್ತಕದ ಮೇಲಿರಬೇಕು.

ಬೆರಳುಗಳನ್ನು ಎಲ್ಲಿಡಬೇಕೆಂದು ಮೊದಲ ದಿನ ತೋರಿಸಿದರು. ಎಡಗೈಗೆ ನಾಲ್ಕು ಕೀ, ಬಲಗೈಗೆ ನಾಲ್ಕು. ಹೆಬ್ಬೆರಳು ಪದಗಳ ನಡುವೆ ಜಾಗ ಬಿಡುವುದಕ್ಕೆ ಮಾತ್ರ. ಎಂಟು ಬೆರಳಿಗೂ ಅದರದರ ಮನೆ, ಅದರದರ ನೆರೆಹೊರೆ. ಪುಸ್ತಕದ ಕೆಲವು ಪದ ಹೊಡೆಯಲು ಹೇಳಿ, ಎಲ್ಲರ ಕೈಯನ್ನೂ ಸರಿಪಡಿಸುತ್ತ ಬಂದವರು ನನ್ನ ಮೇಜಿನ ಬಳಿ ನಿಂತರು. ಮುಚ್ಚಳ ಎತ್ತಿ ನೋಡಿದರು.

"ಇದೇನಮ್ಮ?"

"ಚಿಕ್ಕವಳಿದ್ದಾಗ ಹೋಯ್ತು ಸಾರ್."

ಅವರು ಹಾಳೆ ಎಳೆದು ನೋಡಿದರು. ಆ ಬೆರಳಿಗೆ ಸೇರಿದ ಇಂಗ್ಲಿಷಿನ ಒ ಮತ್ತು ಎಲ್ ಅಕ್ಷರಗಳು ಎಲ್ಲೂ ಮೂಡಿರಲಿಲ್ಲ. ಪುಸ್ತಕದಲ್ಲಿ ಸ್ಕೂಲ್ ಎಂದಿದ್ದ ಕಡೆ ನನ್ನ ಹಾಳೆಯಲ್ಲಿ ಆರು ಅಕ್ಷರಗಳ ಪೈಕಿ ಮೊದಲ ಮೂರು ಮಾತ್ರ ಇದ್ದವು.

"ನೋಡಮ್ಮ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಎಂಟು ಬೆರಳಿನ ವಿದ್ಯೆ ಇದು. ನಿನಗಿರೋದು ಏಳು. ನಾನು ಸುಳ್ಳು ಹೇಳಿ ಯಾಕೆ ಆಸೆ ತೋರಿಸ್ಲಿ? ಬುಕ್ ಕೀಪಿಂಗ್ ತಗೋ. ಪ್ರಿನ್ಸಿಪಾಲರ ಹತ್ರ ನಾನೇ ಮಾತಾಡ್ತೀನಿ."

"ಬೇಡ ಸಾರ್. ನಾನು ಟೈಪಿಂಗೇ ಕಲೀತೀನಿ."

"ಪೊಲೀಸ್ ಸ್ಟೇಷನ್ನಿನವರು ಎರಡೇ ಬೆರಳಲ್ಲಿ ಕುಟ್ತಾರೆ, ಹಾಗೆ ಕುಟ್ಟಬಹುದು. ಆದ್ರೆ ಅದು ನನ್ನ ಕ್ಲಾಸಲ್ಲಿ ನಡೆಯಲ್ಲ."

"ಕೀ ನೋಡಿ ಕುಟ್ಟಿದ್ರೆ ಹೊರಗೆ ಹಾಕಿ ಸಾರ್. ನೋಡದೆ ಹೊಡೆದ್ರೆ ಇರ್ಲಿ ಬಿಡಿ."

ಹಾಲಿನಲ್ಲಿ ಮಿಷನ್ನುಗಳೆಲ್ಲ ನಿಂತಿದ್ದವು. ಮೇಷ್ಟ್ರು ಕೆಂಪು ಪೆನ್ಸಿಲ್ಲಿನಿಂದ ಕಿವಿ ಕೆರೆದುಕೊಂಡರು. "ಇರು. ನಿನಗೇ ಗೊತ್ತಾಗ್ತದೆ" ಎಂದು ಮುಂದೆ ಹೋದರು.

ಸಂಜೆ ಮನೆಯಲ್ಲಿ ಇದನ್ನು ಹೇಳಬಾರದೆಂದುಕೊಂಡಿದ್ದೆ. ಆದರೆ ಗೆಳತಿ ರೈಲಿಳಿದು ವರ್ಕ್‌ಶಾಪಿನ ಮುಂದೆಯೇ ನಡೆದುಹೋಗುವವಳು. ಅಬ್ಬಾ ಕೇಳಿದ್ದೇ ತಡ ಎಲ್ಲವನ್ನೂ ಒಪ್ಪಿಸಿದಳು.

ಅದಾಗಿ ನಾಲ್ಕೈದು ದಿನಕ್ಕೆ ಅಬ್ಬಾ ಒಂದು ಸಣ್ಣ ಪೊಟ್ಟಣ ತಂದು ನನ್ನ ಮುಂದಿಟ್ಟರು. ಬಿಚ್ಚಿದರೆ ಹಿತ್ತಾಳೆಯದೊಂದು ಬೆರಳು. ನಿಜಕ್ಕೂ ಬೆರಳೇ. ಒಳಗೆ ಟೊಳ್ಳು, ತುದಿಗೆ ಸೈಕಲ್ ಟ್ಯೂಬಿನ ರಬ್ಬರು ಅಂಟಿಸಿದ್ದರು. ಬುಡದಲ್ಲಿ ಚರ್ಮದ ಪಟ್ಟಿ. ಅಂಚು ಚುಚ್ಚದಂತೆ ಅರದಿಂದ ಎಷ್ಟು ನುಣುಪಾಗಿ ಉಜ್ಜಿದ್ದರೆಂದರೆ, ಅದನ್ನು ಮಾಡಲು ಅವರು ಎಷ್ಟು ಹೊತ್ತು ಕೂತಿದ್ದಿರಬೇಕೆಂದು ನನಗೆ ಕೈಯಲ್ಲಿ ಹಿಡಿದೊಡನೆ ತಿಳಿಯಿತು.

"ಅಳತೆ ಇಲ್ಲದೆ ಮಾಡಿದೆ, ಬೇಟಿ. ಅಂದಾಜಿನ ಮೇಲೆ" ಎಂದರು. ಕೈ ತೋರಿಸು ಎನ್ನಲು ಅವರಿಗೆ ಬಾಯಿ ಬಂದಿರಲಿಲ್ಲ.

ಅದನ್ನು ಹಾಕಿಕೊಂಡು ತರಗತಿಗೆ ಹೋದೆ. ಒಂದು ವಾರ ಒದ್ದಾಡಿದೆ. ಹಿತ್ತಾಳೆ ಬೆರಳಿಗೆ ನಿಜವಾದ ಬೆರಳಿನಷ್ಟೇ ಉದ್ದವಿತ್ತು, ಆದರೆ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಕೀಯ ತಗ್ಗು, ಅಂಚು, ಪಕ್ಕದ ಕೀಗೂ ಇದಕ್ಕೂ ಇರುವ ಸಂದು, ಒಂದೂ ಗೊತ್ತಾಗುತ್ತಿರಲಿಲ್ಲ. ನೋಡದೆ ಹೊಡೆಯುವ ವಿದ್ಯೆಯೆಂದರೆ ಬೆರಳಿಗೆ ಕಣ್ಣು ಬರುವುದು. ಹಿತ್ತಾಳೆಗೆ ಕಣ್ಣು ಹೇಗೆ ಬಂದೀತು? ಒಂದು ದಿನ ಅದು ಎರಡು ಕೀಗಳ ನಡುವೆ ಸಿಕ್ಕಿಕೊಂಡು ಕೈಯಿಂದ ಕಳಚಿತು. ಮಿಷನ್ನಿನೊಳಗೆ ಬಿದ್ದು ಠಣ್ ಎಂದಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೇಷ್ಟ್ರು ಇಕ್ಕಳ ತಂದು ಅದನ್ನು ಹೊರತೆಗೆದು ನನ್ನ ಅಂಗೈಯಲ್ಲಿಟ್ಟು, "ಪಾಪ" ಎಂದರು.

ನಕ್ಕವರನ್ನು ನಾನು ಕ್ಷಮಿಸಿದೆ. ಆ 'ಪಾಪ' ಮಾತ್ರ ಮೈಯೆಲ್ಲ ಉರಿಸಿತು.

ಅಂದು ಸಂಜೆ ನೇರ ವರ್ಕ್‌ಶಾಪಿಗೇ ಹೋದೆ. ಅಬ್ಬಾ ಒಂದು ಲಾರಿಯ ಗೇರ್‌ಬಾಕ್ಸ್ ಬಿಚ್ಚಿ ಹರವಿಕೊಂಡು ಕೂತಿದ್ದರು. ಹಿತ್ತಾಳೆಯ ಬೆರಳನ್ನು ಅವರ ಮುಂದಿನ ಚಿಂದಿಬಟ್ಟೆಯ ಮೇಲಿಟ್ಟೆ.

"ಇದು ಬೇಡ ಅಬ್ಬಾ."

"ಸಡಿಲ ಆಯ್ತಾ? ಇನ್ನೊಂದು ಪಟ್ಟಿ ಹಾಕ್ತೀನಿ."

"ಸಡಿಲ ಅಲ್ಲ. ಎಷ್ಟು ಚೆನ್ನಾಗಿ ಮಾಡಿದ್ರೂ ಇದು ನನ್ನದಲ್ಲ. ಇರೋ ಬೆರಳಲ್ಲೇ ಕಲೀತೀನಿ."

ಅವರ ಮುಖ ಇಳಿದುಹೋಯಿತು. "ನನ್ನ ಕೈಲಾದದ್ದು ಇಷ್ಟೇ, ಬೇಟಿ. ನಾನೇ ಕಳೆದದ್ದನ್ನು..." ಎಂದು ನಿಲ್ಲಿಸಿದರು.

ಹತ್ತು ವರ್ಷದ ಮಾತು ಅದು. ಅದನ್ನು ಅಲ್ಲಿಗೇ ಬಿಡಲು ನಾನು ಸಿದ್ಧಳಿರಲಿಲ್ಲ. ಬಲಗೈಯನ್ನು ಅವರ ಕಣ್ಣಿನ ಎದುರೇ ಹಿಡಿದೆ. "ನೋಡಿ ಅಬ್ಬಾ. ನೀವು ನೋಡದೇ ಇದ್ರೆ ನಾನು ಇನ್ನೂ ಅದೇ ಬೆಲ್ಟಿನ ಹತ್ರ ನಿಂತ ಹಾಗೆ ಅನ್ಸುತ್ತೆ. ಇದು ನೋಯ್ತಾ ಇಲ್ಲ. ಯಾವತ್ತೋ ವಾಸಿಯಾಗಿದೆ."

ಅವರು ಗ್ರೀಸ್ ಮೆತ್ತಿದ ಕೈಯನ್ನು ಒರೆಸಿಕೊಂಡು, ನನ್ನ ಕೈ ಹಿಡಿದು, ಮೊಂಡು ಬೆರಳಿನ ತುದಿಯನ್ನು ತುಂಬ ಹೊತ್ತು ನೋಡಿದರು. ಅಳಲಿಲ್ಲ. ಆಮೇಲೆ ಮೆಕ್ಯಾನಿಕ್ಕರ ದನಿಯಲ್ಲಿ, ಯಾವುದೋ ಗಿರಾಕಿಯ ಗಾಡಿಯ ಬಗ್ಗೆ ಕೇಳಿದಂತೆ ಕೇಳಿದರು: "ಆ ಬೆರಳಿನ ಕೆಲಸ ಏನೇನು?"

"ಒ, ಎಲ್, ಫುಲ್‌ಸ್ಟಾಪು. ಮೇಲಿನ ಸಾಲಿನಲ್ಲಿ ಒಂಬತ್ತು."

"ಗೇರಿನ ಒಂದು ಹಲ್ಲು ಮುರಿದ್ರೆ ಗಾಡಿ ನಿಲ್ಲಿಸ್ತೀವಾ? ಭಾರ ಪಕ್ಕದವಕ್ಕೆ ಹಂಚಬೇಕು. ಒಂದಕ್ಕೇ ಎಲ್ಲ ಹೊರಿಸಬೇಡ."

ನನ್ನ ವಿದ್ಯೆಯ ಮೊದಲ ಪಾಠ ಅದು. ಕಾಲೇಜಿನದಲ್ಲ.

ಒಂದು ರಟ್ಟಿನ ಮೇಲೆ ಕೀಗಳ ಸಾಲನ್ನು ಬರೆದುಕೊಂಡೆ. ಒ ಮತ್ತು ಎಲ್ ಅನ್ನು ನಡುಬೆರಳಿಗೆ ಕೊಟ್ಟೆ. ಫುಲ್‌ಸ್ಟಾಪನ್ನು ಕಿರುಬೆರಳಿಗೆ ದಾಟಿಸಿದೆ. ಹಾಗೆ ಮಾಡಿದಾಗ ಲುಕ್ ಎಂಬ ಒಂದು ಸಣ್ಣ ಪದದ ನಾಲ್ಕೂ ಅಕ್ಷರ ನಡುಬೆರಳಿನ ತಲೆಯ ಮೇಲೇ ಬಿದ್ದವು. ಅದು ಒಂಟಿಯಾಗಿ ಅತ್ತಿತ್ತ ಓಡಿ ಸುಸ್ತಾಗುತ್ತಿತ್ತು. ಆಗ ಕೆ ಅಕ್ಷರವನ್ನು ಅದರಿಂದ ಕಿತ್ತು ತೋರುಬೆರಳಿಗೆ ಕೊಟ್ಟೆ. ಬದಲಿಸಿದೆ, ಮತ್ತೆ ಬದಲಿಸಿದೆ. ಒಮ್ಮೆ ಒಂದು ಹಂಚಿಕೆ ಸರಿ ಎನ್ನಿಸಿದ ಮೇಲೆ, ದೇವರಾಣೆ ಇನ್ನು ಬದಲಿಸುವುದಿಲ್ಲ ಎಂದು ತೀರ್ಮಾನಿಸಿದೆ.

ರೈಲಿನಲ್ಲಿ ಹೋಗುತ್ತ ಬರುತ್ತ ರಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಬೆರಳಾಡಿಸುತ್ತಿದ್ದೆ. ಗೆಳತಿ ಪದಗಳನ್ನು ಕೂಗುತ್ತಿದ್ದಳು. ತಪ್ಪಿದರೆ ಬೆರಳಿನ ಮೇಲೆ ಒಂದು ಏಟು. ಕಾರ್ಖಾನೆಯ ಪಾಳಿ ಮುಗಿಸಿ ಬರುತ್ತಿದ್ದ ತಮಿಳು ಹೆಂಗಸೊಬ್ಬರು ಎಷ್ಟೋ ದಿನ ನಮ್ಮನ್ನೇ ನೋಡಿ, ಕೊನೆಗೆ ತಡೆಯಲಾರದೆ, "ಏನಮ್ಮಾ, ವೀಣೆ ಕಲೀತಾ ಇದ್ದೀರಾ?" ಎಂದರು.

"ಹೌದಮ್ಮ, ತಂತಿ ಇಲ್ಲದ ವೀಣೆ" ಎಂದಳು ನನ್ನ ಗೆಳತಿ.

ದೀಪಾವಳಿಯ ರಜೆ ಕಳೆಯುವ ಹೊತ್ತಿಗೆ ನನ್ನ ಹಾಳೆಯಲ್ಲಿ ಸ್ಕೂಲ್ ಪೂರ್ತಿ ಆರು ಅಕ್ಷರಗಳೊಂದಿಗೆ ಬರತೊಡಗಿತ್ತು. ಮೇಷ್ಟ್ರು ಮುಚ್ಚಳ ಎತ್ತಿ ನನ್ನ ಕೈ ನೋಡುವುದನ್ನು ಬಿಟ್ಟಿದ್ದರು. ಹೊಗಳಲಿಲ್ಲ. ಹಾಳೆ ನೋಡಿ, ತಪ್ಪಿಗೆ ಕೆಂಪು ಗೆರೆ ಎಳೆದು ಮುಂದೆ ಹೋಗುತ್ತಿದ್ದರು. ಎಲ್ಲರ ತಪ್ಪಿಗೂ ಎಳೆಯುವ ಅದೇ ಗೆರೆ. ನನಗೆ ಅಷ್ಟು ಸಾಕಾಗಿತ್ತು.

ಎರಡನೆಯ ವರ್ಷ ಪತ್ರಗಳನ್ನೂ ಅಂಕಿಅಂಶದ ತಃಖ್ತೆಗಳನ್ನೂ ಹಾಳೆಯ ಮೇಲೆ ಕೂರಿಸುವ ಪಾಠ ಶುರುವಾಯಿತು. ಅದರಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. ಅಲ್ಲಿ ಬೇಕಾದದ್ದು ವೇಗವಲ್ಲ, ಕಣ್ಣಂದಾಜು ಮತ್ತು ತಾಳ್ಮೆ. ಶೀರ್ಷಿಕೆಯ ಅಕ್ಷರಗಳನ್ನು ಎಣಿಸಬೇಕು, ಅರ್ಧ ಮಾಡಬೇಕು, ಹಾಳೆಯ ನಡುವಿನಿಂದ ಅಷ್ಟು ಹಿಂದಕ್ಕೆ ಹೋಗಿ ಶುರುಮಾಡಬೇಕು. ಎಡಕ್ಕೆ ಇಷ್ಟು ಅಂಚು, ಬಲಕ್ಕೆ ಇಷ್ಟು. ಬಲದ ಅಂಚು ಹತ್ತಿರ ಬಂದಾಗ ಗಂಟೆ ಹೊಡೆಯುತ್ತದೆ. ಪದವನ್ನು ಮುಗಿಸಬೇಕೋ, ಒಡೆಯಬೇಕೋ, ಅಷ್ಟರಲ್ಲೇ ತೀರ್ಮಾನಿಸಬೇಕು. ಚೆಲ್ಲಾಪಿಲ್ಲಿಯಾಗಿದ್ದ ಕೈಬರಹದ ಕರಡೊಂದು ನಾಲ್ಕೂ ಕಡೆ ಗಾಳಿಯಾಡುವ ಹಾಳೆಯಾಗಿ ಹೊರಬರುವುದನ್ನು ನೋಡಿದಾಗ ನನಗೆ ಒಂದು ಮನೆ ಕಟ್ಟಿದಷ್ಟು ಹೆಮ್ಮೆಯಾಗುತ್ತಿತ್ತು.

ತಕರಾರು ಬಂದದ್ದು ಅರ್ಜಿಯ ಪಾಠದಲ್ಲಿ. ಮೇಲಧಿಕಾರಿಗೆ ಬರೆಯುವ ಅರ್ಜಿ ಹೇಗೆ ಶುರುವಾಗಬೇಕೆಂದು ಮೇಷ್ಟ್ರು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದರು. ಅತ್ಯಂತ ವಿನಯದಿಂದ ಬೇಡಿಕೊಳ್ಳುತ್ತೇನೆ, 'ಬೆಗ್', ಎಂದು ಆರಂಭ, ತಮ್ಮ ಅತ್ಯಂತ ವಿಧೇಯ ಸೇವಕ ಎಂದು ಕೊನೆ. ನಾನು ಅದನ್ನು ಕೋರುತ್ತೇನೆ ಎಂದು ಬದಲಿಸಿ ಟೈಪ್ ಮಾಡಿದೆ. ಕೊನೆಯಲ್ಲಿ ಬರೀ ತಮ್ಮ ವಿಶ್ವಾಸಿ ಎಂದು ಹಾಕಿದೆ.

"'ಬೆಗ್' ಎಲ್ಲಿ ಹೋಯ್ತಮ್ಮ?" ಎಂದರು ಮೇಷ್ಟ್ರು.

"ಕೇಳ್ತಾ ಇದ್ದೀನಲ್ಲ ಸಾರ್, ಬೇಡೋದು ಯಾಕೆ?"

"ಇದು ನೀನು ಮಾಡಿದ ಪದ್ಧತಿ ಅಲ್ಲ, ನಾನು ಮಾಡಿದ್ದೂ ಅಲ್ಲ. ಬ್ರಿಟಿಷರ ಕಾಲದಿಂದ ಬಂದದ್ದು."

"ಅವ್ರು ಹೋಗಿ ಎಷ್ಟು ವರ್ಷ ಆಯ್ತು ಸಾರ್?"

ತರಗತಿಯಲ್ಲಿ ನಗು ಎದ್ದಿತು. ಮೇಷ್ಟ್ರು ಆ ಹಾಳೆಗೆ ಅಡ್ಡಗೆರೆ ಎಳೆದರು. ಉದ್ಧಟತನ ನನ್ನದು, ಒಪ್ಪುತ್ತೇನೆ. ಆದರೆ ಅವರಿಗೆ ಅದು ಮನಸ್ಸಿಗೆ ತಾಗಿತ್ತೆಂದು ಪರೀಕ್ಷೆಯ ಅರ್ಜಿ ಕಳಿಸುವ ದಿನ ಗೊತ್ತಾಯಿತು. ಎಲ್ಲರ ಅರ್ಜಿಗೂ ಮೇಷ್ಟ್ರ ಸಹಿ ಬೇಕಿತ್ತು. ಸಹಿಯಾದ ಕಟ್ಟಿನಲ್ಲಿ ನನ್ನದಿರಲಿಲ್ಲ.

ಹೋಗಿ ಕೇಳಿದೆ. "ಸರ್ಕಾರಿ ಪರೀಕ್ಷೆ ಅದು," ಎಂದರು. "ಬೆರಳುಗಳ ಕ್ರಮ ಸರಿ ಇಲ್ಲದವರನ್ನ ಹ್ಯಾಗೆ ಕಳಿಸ್ಲಿ? ನಾಳೆ ಪರೀಕ್ಷಕರು ನನ್ನನ್ನ ಕೇಳ್ತಾರೆ, ಇದೇನ್ರೀ ನೀವು ಕಲಿಸಿದ್ದು ಅಂತ."

ಮುಖದ ಮೇಲೆ ಹೊಡೆದಂತಾಯಿತು. ಅಲ್ಲೇ ಅತ್ತುಬಿಡುತ್ತಿದ್ದೆ. ಆದರೆ ಗೆಳತಿ ನನ್ನ ರಟ್ಟೆ ಹಿಡಿದು ಹೊರಗೆಳೆದುಕೊಂಡು ಬಂದು, "ಅಳಬೇಡ ಮಾರಾಯ್ತಿ. ಎರಡು ವರ್ಷ ಅರ್ಜಿ ಬರೆಯೋದು ಕಲ್ತಿದ್ದೀವಿ. ಬರಿ ಒಂದು" ಎಂದಳು.

ಕಾಲೇಜಿನ ಲೈಬ್ರರಿಯಲ್ಲಿ ಪರೀಕ್ಷೆಯ ನಿಯಮಗಳ ಪುಸ್ತಕವಿತ್ತು. ಕೂತು ಪ್ರತಿ ಸಾಲನ್ನೂ ಓದಿದೆ. ಮರುದಿನ ಬೆಳಿಗ್ಗೆ ತರಗತಿಗೆ ಯಾರೂ ಬರುವ ಮೊದಲೇ ನನ್ನ ಮೂರನೆಯ ನಂಬರಿನ ಮಿಷನ್ನಿನ ಮುಂದೆ ಕೂತು ಪ್ರಿನ್ಸಿಪಾಲರಿಗೆ ಪತ್ರ ಟೈಪ್ ಮಾಡಿದೆ. ಅಂಚು, ವಿಷಯ, ಉಲ್ಲೇಖ, ಕಾರ್ಬನ್ ಪ್ರತಿ, ಎಲ್ಲ ಪಾಠದಲ್ಲಿ ಹೇಳಿದಂತೆಯೇ. ಪರೀಕ್ಷೆಯ ನಿಯಮಗಳಲ್ಲಿ ವೇಗದ ಬಗ್ಗೆ ಇದೆ, ತಪ್ಪುಗಳ ಬಗ್ಗೆ ಇದೆ, ಹಾಳೆಯ ಅಂದದ ಬಗ್ಗೆ ಇದೆ. ಅಭ್ಯರ್ಥಿಗೆ ಎಷ್ಟು ಬೆರಳಿರಬೇಕೆಂದು ಎಲ್ಲೂ ಇಲ್ಲ. ಆದ್ದರಿಂದ ನನ್ನ ಅರ್ಜಿಯನ್ನು ಕಳಿಸಬೇಕೆಂದು ಕೋರುತ್ತೇನೆ. ಬೇಡುತ್ತೇನೆ ಎಂದು ಬರೆಯಲಿಲ್ಲ. ಕಾರ್ಬನ್ ಪ್ರತಿಯನ್ನು ಮೇಷ್ಟ್ರ ಮೇಜಿನ ಮೇಲಿಟ್ಟೆ. ಅವರ ಬೆನ್ನ ಹಿಂದೆ ದೂರಿದೆ ಎನ್ನಿಸಬಾರದಲ್ಲ.

ಮಧ್ಯಾಹ್ನ ಪ್ರಿನ್ಸಿಪಾಲರು ನಾನಿದ್ದಲ್ಲಿಗೇ ಬಂದರು. ಮೇಷ್ಟ್ರೂ ಜೊತೆಯಲ್ಲಿದ್ದರು. ಪ್ರಿನ್ಸಿಪಾಲರು ಕಡಿಮೆ ಮಾತಿನವರು. ಕಾಲೇಜಿನ ನಿಯಮಾವಳಿಯ ಒಂದು ಪುಟ ತೆರೆದು ಸ್ಟ್ಯಾಂಡಿಗೆ ಸಿಕ್ಕಿಸಿ, ಗಡಿಯಾರ ಕೈಯಲ್ಲಿ ಹಿಡಿದು, "ಶುರುಮಾಡಿ" ಎಂದರು.

ಮರದ ಮುಚ್ಚಳ ನಾನೇ ಎಳೆದುಕೊಂಡೆ. ಮೊದಲ ಸಾಲಿನಲ್ಲೇ ಒಂದು ತಪ್ಪಾಯಿತು. ಎರಡನೆಯ ಸಾಲಿನ ಗಂಟೆ ಹೊಡೆದ ಮೇಲೆ ಅವರಿಬ್ಬರೂ ಅಲ್ಲಿರುವುದನ್ನೇ ಮರೆತೆ. ಪುಟ ಮುಗಿಸಿ ಹಾಳೆ ಎಳೆದು ಕೊಟ್ಟೆ. ಪ್ರಿನ್ಸಿಪಾಲರು ಅದನ್ನು ತಾವು ನೋಡದೆ ಮೇಷ್ಟ್ರ ಕೈಗೆ ಕೊಟ್ಟರು.

ಮೇಷ್ಟ್ರು ಪೆನ್ಸಿಲ್ ತೆಗೆದುಕೊಂಡು ಸಾಲುಸಾಲಾಗಿ ನೋಡಿದರು. ಮೂರು ಕಡೆ ಗೆರೆ ಎಳೆದರು. ಪದಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಕಳಿಸಬಹುದು ಸಾರ್" ಎಂದರು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದರೆ ಸುಳ್ಳಾಗುತ್ತದೆ. ನಾನು ಆ ಪರೀಕ್ಷೆಯಲ್ಲಿ ಫೇಲಾದೆ. ಪತ್ರ ಮತ್ತು ತಃಖ್ತೆಯ ಪತ್ರಿಕೆಯಲ್ಲಿ ಒಳ್ಳೆಯ ಅಂಕ ಬಂತು. ವೇಗದ ಪತ್ರಿಕೆಯಲ್ಲಿ ಹೋಯಿತು. ಪರೀಕ್ಷೆಯ ಕೇಂದ್ರದಲ್ಲಿ ಕೊಟ್ಟಿದ್ದ ಮಿಷನ್ನಿನ ಕೀಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಎರಡು ಬೆರಳಿನ ಕೆಲಸ ಮಾಡುತ್ತಿದ್ದ ನಡುಬೆರಳು ಅರ್ಧದಲ್ಲೇ ಸೋತಿತು. ಗೆಳತಿ ಪಾಸಾದಳು. ದಾದಿ, "ಆಯ್ತಲ್ಲ, ಇನ್ನಾದರೂ ಕೇಳು" ಎಂದಳು. ನಾನು ಕೋಣೆಗೆ ಹೋಗಿ ಒಂದು ಗಂಟೆ ಅತ್ತೆ. ಆಮೇಲೆ ಎದ್ದು ಮುಖ ತೊಳೆದುಕೊಂಡು ಮುಂದಿನ ಪರೀಕ್ಷೆಯ ಅರ್ಜಿ ತುಂಬಿದೆ.

ಅದಕ್ಕೆ ಸಹಿ ಕೇಳಲು ಹೋದಾಗ ಮೇಷ್ಟ್ರು ಮರುಮಾತಾಡದೆ ಸಹಿ ಹಾಕಿದರು. ಹೊರಡುವವಳನ್ನು ಕರೆದು, "ಪರೀಕ್ಷೆಗೆ ಅಭ್ಯರ್ಥಿಗಳು ಮಿಷನ್ ತರಬಹುದು. ಮೂರನೇ ನಂಬರಿಂದು ತಗೊಂಡು ಹೋಗು. ಅದು ನಿನ್ನ ಕೈಗೆ ಪಳಗಿದೆ" ಎಂದರು. ಪೆನ್ನಿನ ಮುಚ್ಚಳ ಹಾಕುತ್ತ, "ಎಂಟು ಬೆರಳು ಇರೋರಿಗೆ ನಾನು ಮೂವತ್ತು ವರ್ಷದಿಂದ ಹೇಳಿಕೊಟ್ಟಿದ್ದೀನಿ. ಏಳು ಬೆರಳಿನದು ನನಗೆ ಗೊತ್ತಿರಲಿಲ್ಲಮ್ಮ" ಎಂದರು.

ಅವರ ಮೇಲಿದ್ದ ನನ್ನ ಸಿಟ್ಟಿಗೆ ಆ ದಿನದಿಂದ ಮೊದಲಿನ ಕಾವು ಉಳಿಯಲಿಲ್ಲ. ಪೂರ್ತಿ ಹೋಯಿತೆಂದೂ ಹೇಳಲಾರೆ.

ಅಬ್ಬಾ ಪರೀಕ್ಷೆಗೆ ಮೊದಲು ಕಾಲೇಜಿಗೆ ಬಂದು, ಮೇಷ್ಟ್ರ ಅಪ್ಪಣೆ ಪಡೆದು, ಆ ಮಿಷನ್ನನ್ನು ಬಿಚ್ಚಿ ಒರೆಸಿ ಎಣ್ಣೆ ಹಾಕಿದರು. ಪರೀಕ್ಷೆಯ ದಿನ ಜಟಕಾದಲ್ಲಿ ಅದನ್ನು ತೊಡೆಯ ಮೇಲೆ ಕೂಸಿನಂತೆ ಹಿಡಿದುಕೊಂಡು ಕೂತಿದ್ದರು. ಕೇಂದ್ರದ ಬಾಗಿಲಲ್ಲಿ ಇಳಿಸಿ, "ಭಾರ ಹಂಚಿಕೋ" ಎಂದಷ್ಟೇ ಹೇಳಿದರು. ಈ ಸಲ ಪಾಸಾದೆ. ದಾದಿ ಫಲಿತಾಂಶದ ಕಾಗದವನ್ನು ಓದಲು ಬಾರದಿದ್ದರೂ ತಿರುಗಿಸಿ ಮುರುಗಿಸಿ ನೋಡಿ, ಅಕ್ಕಪಕ್ಕದ ಮನೆಗಳಿಗೆಲ್ಲ ತಾನೇ ಹೋಗಿ ಸಕ್ಕರೆ ಹಂಚಿ ಬಂದಳು.

ಭದ್ರಾವತಿಯ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಅಧಿಕಾರಿ ನನ್ನ ಕೈ ನೋಡಿ ಏನೋ ಕೇಳಲು ಬಾಯಿ ತೆರೆದರು. "ಮೊದಲು ಟೈಪ್ ಮಾಡಿಸಿ ನೋಡಿ ಸಾರ್, ಆಮೇಲೆ ಕೇಳಿ" ಎಂದೆ. ಟೈಪ್ ಮಾಡಿಸಿದರು. ಆಮೇಲೆ ಕೇಳಲಿಲ್ಲ. ಅಲ್ಲಿ ಇಪ್ಪತ್ತು ತಿಂಗಳು ದುಡಿದ ಮೇಲೆ ಒಂದು ದಿನ ಶಿವಮೊಗ್ಗದ ಕಾಲೇಜಿನಿಂದ ಪತ್ರ ಬಂತು. ಮೇಷ್ಟ್ರು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಟೈಪಿಂಗ್ ತರಗತಿ ನಿಂತುಹೋಗಿತ್ತು. ಯಾರನ್ನು ಕರೆಸಲಿ ಎಂದು ಪ್ರಿನ್ಸಿಪಾಲರು ಕೇಳಿದ್ದಕ್ಕೆ ಮೇಷ್ಟ್ರು ನನ್ನ ಹೆಸರು ಹೇಳಿದ್ದರಂತೆ.

ಹೋಗಿ ಅವರನ್ನು ಮನೆಯಲ್ಲಿ ಕಂಡೆ. ಮಾತು ತೊದಲುತ್ತಿತ್ತು. ಬಲಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ಎಡಗೈ ಎತ್ತಿ ನನಗೆ ಕೂರಲು ಹೇಳಿದರು. ನಾನು ಕಾಲೇಜಿಗೆ ಸೇರುವುದಾಗಿ ಹೇಳಿದೆ. "ಕಟ್ಟುನಿಟ್ಟಾಗಿರು" ಎಂದರು. ಅಷ್ಟನ್ನು ಹೇಳುವುದಕ್ಕೇ ಅವರಿಗೆ ಬಹಳ ಹೊತ್ತು ಹಿಡಿಯಿತು. ಅರ್ಧ ಗಂಟೆ ಅಲ್ಲೇ ಕೂತಿದ್ದು, ಅವರ ಹೆಂಡತಿ ಕೊಟ್ಟ ಕಾಫಿ ಕುಡಿದು ಬಂದೆ.

ಮೊದಲ ತರಗತಿಯ ದಿನ ಹಾಲಿನಲ್ಲಿ ಹನ್ನೆರಡು ಮಂದಿ ಇದ್ದರು, ಐವರು ಹುಡುಗಿಯರು. ಬೋರ್ಡಿನ ಮೇಲೆ ಕೀಗಳ ಚಿತ್ರ ಬರೆಯಲು ಸೀಮೆಸುಣ್ಣ ಎತ್ತಿದಾಗ ಪಿಸುಮಾತು ಶುರುವಾಯಿತು. ಮೊದಲು ಒಬ್ಬನ ಕಣ್ಣು, ಆಮೇಲೆ ಎಲ್ಲರ ಕಣ್ಣೂ ನನ್ನ ಬಲಗೈಯ ಮೇಲೆ ಬಂದು ಕೂತವು. ಹಳೆಯ ಅಭ್ಯಾಸ ಎಷ್ಟು ಗಟ್ಟಿ ನೋಡಿ, ಒಂದು ಕ್ಷಣ ಕೈ ತಾನಾಗಿಯೇ ಸೆರಗಿನ ಕಡೆಗೆ ಹೊರಟಿತ್ತು. ತಡೆದೆ. ಸೀಮೆಸುಣ್ಣ ಕೆಳಗಿಟ್ಟು, ಎರಡೂ ಕೈ ಎತ್ತಿ, ಬೆರಳು ಬಿಡಿಸಿ ಹಿಡಿದೆ.

"ಒಂದು ಬೆರಳಿಲ್ಲ," ಎಂದೆ. "ನೋಡೋರು ಈಗಲೇ ಚೆನ್ನಾಗಿ ನೋಡಿಬಿಡಿ. ಕ್ಲಾಸ್ ಶುರುವಾದ ಮೇಲೆ ನನ್ನ ಕೈಯನ್ನೂ ನೋಡಬಾರದು, ನಿಮ್ಮ ಕೈಯನ್ನೂ ನೋಡಬಾರದು. ಕಣ್ಣು ಪುಸ್ತಕದ ಮೇಲೆ ಇರ್ಬೇಕು."

ಮುಂದಿನ ಸಾಲಿನ ಒಬ್ಬಳು ಹುಡುಗಿ ಕೈಯೆತ್ತಿ, "ಮೇಡಂ, ಹಾಗಾದ್ರೆ ನೀವು 'ಎಲ್' ಹ್ಯಾಗೆ ಹೊಡೀತೀರಿ?" ಎಂದು ಕೇಳಿದಳು. ಕುಚೇಷ್ಟೆ ಇರಲಿಲ್ಲ, ನಿಜವಾಗಿ ತಿಳಿಯುವ ಆಸೆಯಿತ್ತು.

"ಬಾ, ತೋರಿಸ್ತೀನಿ" ಎಂದೆ. ಅವಳು ಎದ್ದು ಬಂದಳು. ಅವಳ ಹಿಂದೆಯೇ ಉಳಿದವರೂ ಬಂದು ಮಿಷನ್ನಿನ ಸುತ್ತ ನಿಂತರು.